‘ಟಾಲರೇಟೆಡ್’ ಎಂದು ಬರೆಯುವ ಮೊದಲು

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಎನ್‌ಐಸಿಯು (ನವಜಾತ ಶಿಶು ತೀವ್ರ ನಿಗಾ ಘಟಕ) ಸಿಸ್ಟರ್‌ಗಳಿಗೆ ಬಹಿರಂಗ ಪತ್ರ

ಪ್ರೀತಿಯ ಸಿಸ್ಟರ್‌ಗಳೇ,

ಬೆಳಿಗ್ಗೆ ಹಾಲು ತರಲು ಇಳಿದಾಗ ಸ್ಟೇಷನ್ ಕಡೆಗೆ ಓಡುವ ನಿಮ್ಮಲ್ಲಿ ಒಬ್ಬಿಬ್ಬರಾದರೂ ಕಣ್ಣಿಗೆ ಬೀಳುತ್ತೀರಿ. ಮೂವತ್ತು ವರ್ಷ ನಾನೂ ಹಾಗೇ ಓಡಿದವಳು. ನಿಮ್ಮಲ್ಲಿ ಕುಂದಾಪುರ, ಕಾರ್ಕಳದವರಿದ್ದೀರಿ, ಕಾಸರಗೋಡಿನವರಿದ್ದೀರಿ, ಬೆಳಗಾವಿ, ಕಲಬುರಗಿ, ಸೊಲ್ಲಾಪುರದಿಂದ ಬಂದವರಿದ್ದೀರಿ. ಪಕ್ಕದ ವಾರ್ಮರಿನಲ್ಲಿ ಡ್ಯೂಟಿ ಮಾಡುವ ಮರಾಠಿ, ಮಲಯಾಳಿ ಸಿಸ್ಟರ್‌ಗಳಿಗೆ ಈ ಪತ್ರ ಓದಲು ಬಾರದು. ಚಹಾದ ಹೊತ್ತಿನಲ್ಲಿ ಅವರಿಗೂ ನೀವೇ ಓದಿ ಹೇಳಬೇಕು.

ಒಂದು ಶಬ್ದದ ಬಗ್ಗೆ ಮಾತಾಡಬೇಕಿದೆ. ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ಓವರ್ ಕೊಡುವಾಗ ನಾವೆಲ್ಲ ಹೇಳುವ ಶಬ್ದ ಅದು. ‘ಬೆಡ್ ನಂಬರ್ ನಾಲ್ಕು, ಇಪ್ಪತ್ತು ಎಂಎಲ್, ಎರಡು ಗಂಟೆಗೊಮ್ಮೆ, ಟಾಲರೇಟೆಡ್.’ ಮಗು ವಾಂತಿ ಮಾಡಲಿಲ್ಲ, ಹೊಟ್ಟೆ ಉಬ್ಬಲಿಲ್ಲ, ಟ್ಯೂಬಿನಲ್ಲಿ ಎಳೆದು ನೋಡಿದರೆ ಹಳೆಯ ಹಾಲು ಉಳಿದಿರಲಿಲ್ಲ ಎಂಬುದೇ ಅದರ ಅರ್ಥ. ಹೊಟ್ಟೆಯ ಮಟ್ಟಿಗೆ ಅದು ಸರಿಯಾದ ಮಾತು. ಆದರೆ ಆ ಇಪ್ಪತ್ತು ಎಂಎಲ್ ಬಾಯಿಯಿಂದ ಹೊಟ್ಟೆಗೆ ಇಳಿಯುವ ತನಕ ಮಗುವಿಗೆ ಏನೇನಾಯಿತು ಎಂಬುದನ್ನು ಆ ಶಬ್ದ ಹೇಳುವುದಿಲ್ಲ. ಕನ್ನಡದಲ್ಲಿ ಅದಕ್ಕೆ ‘ಸಹಿಸಿಕೊಂಡಿತು’ ಎಂದರ್ಥ. ಹೊಟ್ಟೆ ತುಂಬಿದ ಮಗುವಿನ ಬಗ್ಗೆ ಯಾವ ತಾಯಿಯೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

2005ರ ಜುಲೈ ತಿಂಗಳು. ನಾನಾಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. 31 ವಾರಕ್ಕೇ ಹುಟ್ಟಿದ ಒಂದು ಗಂಡುಕೂಸು ನಮ್ಮಲ್ಲಿತ್ತು. ತಂದೆ ತಾಯಿ ಜೇವರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮೂರು ವಾರ ಕಳೆದು ಕೂಸಿನ ತೂಕ ಒಂದೂವರೆ ಕಿಲೋ ಮುಟ್ಟಿತ್ತು. ಟ್ಯೂಬ್ ಹಾಗೇ ಇಟ್ಟುಕೊಂಡು ಬಾಯಿಯಿಂದ ವಾಟಿ-ಚಮಚದಲ್ಲಿ ಕುಡಿಸಲು ಶುರುಮಾಡಿದ್ದೆವು. ಅವತ್ತು ಡ್ಯೂಟಿ ಮುಗಿಯುವ ಹೊತ್ತು; ಇನ್ನೂ ಮೂರು ಮಕ್ಕಳ ಫೀಡ್ ಬಾಕಿ ಇತ್ತು. ಕೂಸು ಅರೆನಿದ್ದೆಯಲ್ಲಿತ್ತು. ಅಂಗಾಲಿಗೆ ಬೆರಳಿನಿಂದ ಚಿಮ್ಮಿ ಎಬ್ಬಿಸಿದೆ. ಮೊದಲ ಏಳೆಂಟು ಎಂಎಲ್ ಚೆನ್ನಾಗಿಯೇ ಕುಡಿಯಿತು. ಆಮೇಲೆ ಎಡಗೈಯ ಐದೂ ಬೆರಳು ಅಗಲವಾಗಿ ಬಿಚ್ಚಿಕೊಂಡವು, ಹುಬ್ಬು ಗಂಟಿಕ್ಕಿತು, ತುಟಿಯ ಅಂಚಿನಿಂದ ಹಾಲು ಕತ್ತಿಗೆ ಇಳಿಯಿತು. ಎಲ್ಲವನ್ನೂ ನೋಡಿದೆ. ಹಾಲು ಒರೆಸಿ ಮುಂದಿನ ಚಮಚ ಹಾಕಿದೆ. ಅದರ ಮುಂದಿನದನ್ನೂ ಹಾಕಿದೆ. ತುಟಿಯ ಸುತ್ತ ಬೂದುಬಣ್ಣ ಏರಿತು, ಮೈ ಸಡಿಲವಾಯಿತು, ಮಾನಿಟರು ಕೂಗಿತು. ಸ್ಯಾಚುರೇಷನ್ ಅರವತ್ತಕ್ಕೆ ಇಳಿದಿತ್ತು. ಕೂಸು ಒಮ್ಮೆಯೂ ಕೆಮ್ಮಲಿಲ್ಲ.

ಬೆನ್ನು ಸವರಿ, ಬಾಯಿ ಸಕ್ಷನ್ ಮಾಡಿ, ಆಕ್ಸಿಜನ್ ಕೊಟ್ಟ ಮೇಲೆ ಬಣ್ಣ ಮರಳಿತು. ಎರಡು ದಿನ ಬಾಯಿಯ ಫೀಡ್ ನಿಲ್ಲಿಸಿ ಎಂದರು ಡಾಕ್ಟರು. ಚಾರ್ಟಿನಲ್ಲಿ ನಾನು ಬರೆದದ್ದು: ‘ಬೇಬಿ ಡೀಸ್ಯಾಚುರೇಟೆಡ್ ಡ್ಯೂರಿಂಗ್ ಫೀಡ್.’ ಆ ವಾಕ್ಯದ ಕರ್ತೃ ಮಗು. ಚಮಚ ಹಿಡಿದಿದ್ದ ನನ್ನ ಕೈ ಅದರಲ್ಲಿ ಎಲ್ಲೂ ಇಲ್ಲ.

ಆ ಕೂಸು ಕೆಮ್ಮಲಿಲ್ಲ ಎಂದೆನಲ್ಲ, ಅದರ ಹಿಂದಿನ ಕಾರಣ ನನಗೆ ಸರಿಯಾಗಿ ತಿಳಿದದ್ದು ಬಹಳ ತಡವಾಗಿ. ನಮಗೆ ನಿಮಗೆ ನೀರು ಅಡ್ಡದಾರಿ ಹಿಡಿದರೆ ಕೆಮ್ಮು ಬರುತ್ತದೆ. ದಿನ ತುಂಬದ ಕೂಸಿನ ಧ್ವನಿಪೆಟ್ಟಿಗೆಗೆ ಹಾಲು ತಾಗಿದರೆ ಎಷ್ಟೋ ಸಲ ಕೆಮ್ಮು ಬರುವುದೇ ಇಲ್ಲ. ಉಸಿರು ನಿಲ್ಲುತ್ತದೆ, ಎದೆಬಡಿತ ಇಳಿಯುತ್ತದೆ. ಉಸಿರಿನ ಕೊಳವೆಗೆ ಏನೂ ಹೋಗದಿರಲಿ ಎಂದು ದೇಹವೇ ಬಾಗಿಲು ಹಾಕಿಕೊಳ್ಳುವ ರೀತಿ ಅದು. ಆದ್ದರಿಂದ ‘ಕೆಮ್ಮಲಿಲ್ಲ, ಸಲೀಸಾಗಿ ಕುಡಿಯಿತು’ ಎಂದು ನಾವು ನಂಬಿಕೊಳ್ಳುವ ಹೊತ್ತು ಕೂಸಿಗೆ ಎಲ್ಲಕ್ಕಿಂತ ಕಷ್ಟದ ಹೊತ್ತೂ ಆಗಿರಬಹುದು.

ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರೂ ಒಂದೇ ಓಣಿಯಲ್ಲಿ ನಡೆಯುವ ಕೆಲಸಗಳು. ನುಂಗುವ ಪ್ರತಿ ಸಲವೂ ಉಸಿರು ಒಂದು ಕ್ಷಣ ನಿಲ್ಲಲೇಬೇಕು. ದಿನ ತುಂಬಿದ ಮಗು ಇದರ ತಾಳ ಹಿಡಿದುಕೊಂಡೇ ಬರುತ್ತದೆ. ಬೇಗ ಹುಟ್ಟಿದ ಕೂಸಿಗೆ ಚೀಪುವುದು 28 ವಾರದ ಹೊತ್ತಿಗೇ ಗೊತ್ತಿರುತ್ತದೆ, ಆದರೆ ಮೂರನ್ನೂ ಒಟ್ಟಿಗೆ ಹೊಂದಿಸುವುದು ಸಾಮಾನ್ಯವಾಗಿ 32ರಿಂದ 34 ವಾರದ ನಡುವೆ ಶುರುವಾಗಿ ನಿಧಾನವಾಗಿ ಕೂಡಿಬರುತ್ತದೆ. 34 ವಾರ ಆಯಿತು ಎಂದ ಮಾತ್ರಕ್ಕೆ ಎಲ್ಲ ಕೂಸುಗಳೂ ಒಂದೇ ದಿನ ಪಾಸಾಗುವುದಿಲ್ಲ. ವೆಂಟಿಲೇಟರಿನಲ್ಲಿ ಬಹಳ ದಿನ ಇದ್ದದ್ದು ಇನ್ನೂ ತಡ ಮಾಡುತ್ತದೆ. ಹತ್ತು ಸಲ ಚೀಪಿ ನುಂಗಿ ಏದುಸಿರು ಬಿಡುವ ಆ ಕೂಸಿಗೆ ಆಗ ಬೇಕಾದದ್ದು ಹಾಲಲ್ಲ, ನಾಲ್ಕು ಉಸಿರು. ಅದನ್ನು ಕೇಳಲು ಅದಕ್ಕಿರುವುದು ಬೆರಳು, ಹುಬ್ಬು, ಮೈ ಅಷ್ಟೇ.

ಚಾರ್ಟಿನಲ್ಲಿ ನಾನು ಆ ವಾಕ್ಯ ಬರೆದು ಎರಡು ದಿನ ಕಳೆದು ಜುಲೈ 26ನೇ ತಾರೀಕು ಬಂತು. ಆ ಮಂಗಳವಾರ ಈ ಕಡೆ ಇದ್ದವರಾರೂ ಮರೆತಿರಲಾರರು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಈಚೆ ಉಲ್ಲಾಸ್ ನದಿ ಉಕ್ಕಿ ಬದ್ಲಾಪುರ, ಕಲ್ಯಾಣ್ ಕಡೆ ಮನೆಗಳೇ ಮುಳುಗಿದವು. ಲೋಕಲ್ ನಿಂತಿತು. ಮಧ್ಯಾಹ್ನದ ಡ್ಯೂಟಿಯವರು ಬರಲಿಲ್ಲ, ರಾತ್ರಿಯವರೂ ಬರಲಿಲ್ಲ. ಒಂಬತ್ತು ಮಕ್ಕಳಿಗೆ ಇಬ್ಬರೇ ಉಳಿದೆವು. ನಮ್ಮ ಯೂನಿಟ್ಟು ಮೇಲಿನ ಮಹಡಿಯಲ್ಲಿತ್ತು, ಜನರೇಟರ್ ಇತ್ತು, ಅಷ್ಟೇ ಪುಣ್ಯ.

ತಾಯಂದಿರಿಗೆ ಆಗ ಒಳಗೆ ಬರಲು ಗೊತ್ತಾದ ಹೊತ್ತು ಮಾತ್ರ ಇತ್ತು. ಉಳಿದಂತೆ ಹಾಲು ಹಿಂಡಿ ಬಟ್ಟಲಲ್ಲಿ ಕೊಟ್ಟು ಹೊರಗೆ ಬೆಂಚಿನ ಮೇಲೆ ಕೂರಬೇಕು. ಅವತ್ತು ಡಾಕ್ಟರನ್ನು ಕೇಳಿ, ಆರು ತಾಯಂದಿರಿಗೆ ಮೊಳಕೈ ತನಕ ಕೈ ತೊಳೆಸಿ, ಗೌನ್ ಹಾಕಿಸಿ ಒಳಗೆ ಕರೆದೆವು. ಜೇವರ್ಗಿಯ ಆ ಹುಡುಗಿಗೆ ಇಪ್ಪತ್ತು ವರ್ಷವೂ ಆಗಿರಲಿಕ್ಕಿಲ್ಲ. ಕೂಸನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಚಮಚ ತುಟಿಗೆ ತಾಗಿಸುವುದನ್ನು ಹೇಳಿಕೊಟ್ಟು ಇನ್ನೊಂದು ಮಗುವಿನ ಕಡೆ ಹೋದೆ. ತಿರುಗಿ ನೋಡಿದರೆ ಅವಳು ಚಮಚ ಕೆಳಗಿಟ್ಟು ಸುಮ್ಮನೆ ಕೂತಿದ್ದಳು. ಇಪ್ಪತ್ತರಲ್ಲಿ ಹದಿನಾಲ್ಕು ಎಂಎಲ್ ಮುಗಿದಿತ್ತು. ‘ಯಾಕಮ್ಮಾ ನಿಲ್ಲಿಸಿದೆ?’ ಎಂದೆ.

‘ಕೂಸಿಗಿ ದಮ್ಮ ಸಾಲವಲ್ದು ಅಕ್ಕಾರ. ಕೈ ತೋರಸ್ಯಾನ. ಜರಾ ತಡೀರಿ.’

ಕೂಸಿನ ಎಡಗೈ ಅದೇ ರೀತಿ, ಬೆರಳು ಅಗಲಿಸಿ, ನನ್ನ ಕಡೆಗೆ ನಿಂತಿತ್ತು. ಎರಡು ದಿನದ ಹಿಂದೆ ನಾನು ನೋಡಿಯೂ ದಾಟಿಹೋದ ಕೈ. ಅವಳು ಯಾವ ಟ್ರೈನಿಂಗಿಗೂ ಹೋದವಳಲ್ಲ. ಅವಳಿಗೆ ಮುಂದೆ ಮೂರು ಮಕ್ಕಳ ಫೀಡ್ ಬಾಕಿ ಇರಲಿಲ್ಲ, ಓವರ್ ಕೊಡುವುದಿರಲಿಲ್ಲ, ಇಪ್ಪತ್ತರ ಲೆಕ್ಕ ತುಂಬಿಸಬೇಕಿರಲಿಲ್ಲ. ನೋಡುವುದಕ್ಕೆ ಅವಳಿಗೆ ಒಂದೇ ಮುಖ ಇತ್ತು. ಉಳಿದ ಆರು ಎಂಎಲ್ ಟ್ಯೂಬಿನಲ್ಲಿ ನಿಧಾನಕ್ಕೆ ಇಳಿಸಿದೆವು.

ಆ ರಾತ್ರಿಯ ನಂತರ ನಾನು ಕೂಸಿನ ಕೈ ನೋಡಲು ಕಲಿತೆ. ಕಲಿತದ್ದನ್ನು ಹೇಳುತ್ತೇನೆ, ನಿಮ್ಮ ಅನುಭವಕ್ಕೆ ಹೊಂದಿಸಿ ನೋಡಿ.

ಕುಡಿಯಲು ಮನಸ್ಸಿರುವ ಕೂಸು ಮೈಯನ್ನು ಒಳಕ್ಕೆ ಮುದುರಿಕೊಂಡಿರುತ್ತದೆ. ಕೈ ಬಾಯಿಯ ಹತ್ತಿರ ಬರುತ್ತದೆ, ನಾಲಿಗೆ ತುಟಿ ದಾಟುತ್ತದೆ, ಕೆನ್ನೆಗೆ ಬಟ್ಟೆ ತಾಗಿದರೂ ಅತ್ತ ತಿರುಗುತ್ತದೆ, ಕಣ್ಣು ತೆರೆದು ಒಂದು ಕಡೆ ನಿಲ್ಲುತ್ತದೆ. ಅಳು ಬರುವುದು ಇವೆಲ್ಲ ಆದ ಮೇಲೆ. ಬೇಗ ಹುಟ್ಟಿದ ಕೂಸು ಅತ್ತರೆ ಅದರ ಅರ್ಧ ಶಕ್ತಿ ಅಲ್ಲೇ ಮುಗಿಯಿತು, ಆ ಮೇಲೆ ಕುಡಿಯುವುದೆಲ್ಲಿಂದ? ಫೀಡಿನ ಹೊತ್ತಿಗೆ ಹತ್ತು ನಿಮಿಷ ಮೊದಲು ಒಮ್ಮೆ ಎಲ್ಲ ಮಕ್ಕಳ ಮುಖ ನೋಡಿಬಂದರೆ ಯಾರು ತಯಾರು, ಯಾರು ಅಲ್ಲ ಎಂದು ತಿಳಿಯುತ್ತದೆ. ತಯಾರಿದ್ದವರಿಂದ ಶುರು ಮಾಡಿ. ಬೆಡ್ ನಂಬರಿನ ಕ್ರಮದಲ್ಲೇ ಹೋಗಬೇಕೆಂದು ಯಾವ ಪುಸ್ತಕದಲ್ಲೂ ಇಲ್ಲ.

ಸಾಕು ಎನ್ನುವ ಮಾತು ಹಲವು ಬಗೆ. ಬೆರಳು ಬಿಚ್ಚುವುದು, ಹುಬ್ಬು ಗಂಟಿಕ್ಕುವುದು, ಕಣ್ಣು ಗಾಬರಿಯಿಂದ ಅಗಲವಾಗುವುದು, ತಲೆ ಆಚೆ ತಿರುಗುವುದು ಮೊದಲ ಮಾತು. ಆಕಳಿಕೆ, ಬಿಕ್ಕಳಿಕೆ, ಮೂಗಿನ ಹೊಳ್ಳೆ ಅರಳುವುದು, ಗುಟುಕರಿಸುವ ಸದ್ದು, ತುಟಿಯಂಚಿನಿಂದ ಹಾಲು ಸೋರುವುದು ಅದರ ಮುಂದಿನದು. ಸೋರಿದ ಹಾಲನ್ನು ನಾವು ಕೊಳಕು ಎಂದು ಒರೆಸುತ್ತೇವೆ. ನುಂಗಿದರೆ ಉಸಿರು ಸಿಗದು ಎಂದು ಕೂಸು ಹೊರಕ್ಕೆ ಬಿಟ್ಟ ಹಾಲು ಅದು. ಬಣ್ಣ ಬದಲಾಗುವುದು, ಮಾನಿಟರು ಕೂಗುವುದು ಕೊನೆಯ ಮಾತು. ಆ ಹೊತ್ತಿಗೆ ಕೂಸು ನಾಲ್ಕೈದು ಸಲ ಹೇಳಿ ಮುಗಿಸಿರುತ್ತದೆ.

ನಿದ್ದೆಯ ವಿಷಯವನ್ನು ಬೇರೆಯಾಗಿ ಹೇಳಬೇಕು. ಅರ್ಧ ಫೀಡಿಗೆ ಕಣ್ಣುಮುಚ್ಚಿ, ಕೈ ಜೋತುಬಿದ್ದ ಕೂಸನ್ನು ನೋಡಿ ‘ಹೊಟ್ಟೆ ತುಂಬಿತು’ ಎಂದುಕೊಳ್ಳುತ್ತೇವೆ, ಇಲ್ಲವೇ ‘ಸೋಮಾರಿ’ ಎಂದು ಅಂಗಾಲಿಗೆ ಚಿಮ್ಮುತ್ತೇವೆ. ಎಷ್ಟೋ ಸಲ ಎರಡೂ ಅಲ್ಲ. ಹೇಳಿ ಹೇಳಿ ಸೋತು ಅದು ಎಲ್ಲವನ್ನೂ ಮುಚ್ಚಿಕೊಂಡಿರುತ್ತದೆ. ಸಡಿಲವಾದ ಆ ಬಾಯಿಗೆ ಹಾಲು ಬಿದ್ದರೆ ಅದು ಹೋಗುವ ದಾರಿ ಯಾವುದೆಂದು ನಿಮಗೆ ಗೊತ್ತು. ಅಂಗಾಲಿಗೆ ಚಿಮ್ಮುವುದು, ಬಾಟಲಿಯ ನಿಪ್ಪಲ್ಲನ್ನು ಬಾಯಲ್ಲಿ ಅಲುಗಿಸುವುದು, ಕೆನ್ನೆ ಒತ್ತಿ ಬಾಯಿ ತೆರೆಸುವುದು, ಇವನ್ನು ನಾವು ಹಿರಿಯರೇ ನಿಮಗೆ ಕಲಿಸಿದೆವು. ನಾನೂ ಕಲಿಸಿದೆ. ಅದನ್ನು ಬಿಟ್ಟುಬಿಡಿ ಎಂದು ಈಗ ಕೇಳಿಕೊಳ್ಳುತ್ತಿದ್ದೇನೆ.

ನಿಲ್ಲಿಸುವುದು ಎಂದರೆ ಫೀಡ್ ಮುಗಿಸುವುದೇ ಎಂದಲ್ಲ. ಚಮಚ ಇಳಿಸಿ, ಬಾಟಲಿಯಾದರೆ ಹಾಲು ನಿಪ್ಪಲ್ಲಿನಿಂದ ಹಿಂದಕ್ಕೆ ಹೋಗುವಂತೆ ಬಗ್ಗಿಸಿ. ಉಸಿರು ಸಮಕ್ಕೆ ಬರಲಿ. ಮತ್ತೆ ತಾನಾಗಿ ಬಾಯಿ ತೆರೆದರೆ ಮುಂದುವರಿಸಿ, ತೆರೆಯದಿದ್ದರೆ ಉಳಿದದ್ದು ಟ್ಯೂಬಿಗೆ. ಬಾಟಲಿ ಅನಿವಾರ್ಯವಾದ ಕಡೆ ಒಂದು ಮಗ್ಗುಲಿಗೆ ಮಲಗಿಸಿ ಕುಡಿಸಿ, ಹೆಚ್ಚಾದ ಹಾಲು ಗಂಟಲಿಗೆ ಬೀಳದೆ ಕೆನ್ನೆಯ ಕಡೆ ನಿಲ್ಲುತ್ತದೆ. ಚಮಚದ ಹಾಲನ್ನು ಬಾಯೊಳಗೆ ಸುರಿಯಬೇಡಿ. ಕೆಳತುಟಿಗೆ ತಾಗಿಸಿ ಹಿಡಿದರೆ ಕೂಸು ತಾನೇ ನಾಲಿಗೆಯಿಂದ ಎಳೆದುಕೊಳ್ಳುತ್ತದೆ.

ಇದೆಲ್ಲ ನನ್ನೊಬ್ಬಳ ಕಂಡುಕೊಳ್ಳುವಿಕೆಯಲ್ಲ. ಬೋಸ್ಟನ್ನಿನ ಹೈಡೆಲಿಸ್ ಆಲ್ಸ್ ಎಂಬ ಮನೋವಿಜ್ಞಾನಿ 1982ರಲ್ಲೇ, ಬೇಗ ಹುಟ್ಟಿದ ಕೂಸಿನ ಬೆರಳು, ಬಣ್ಣ, ಉಸಿರು ಎಲ್ಲವೂ ಅದರ ಮಾತು ಎಂದು ವಿವರವಾಗಿ ಬರೆದರು. ಆಮೇಲೆ ಅಮೆರಿಕದ ಕೆಲವು ಯೂನಿಟ್ಟುಗಳು ಚಾರ್ಟನ್ನೇ ಬದಲಾಯಿಸಿ, ಕೂಸು ಎಷ್ಟು ತಯಾರಿತ್ತು, ಹೇಗೆ ಕುಡಿಯಿತು ಎಂಬುದಕ್ಕೂ ಅಂಕಣ ಮಾಡಿಕೊಂಡವು. 2016ರಲ್ಲಿ ಒಂಬತ್ತು ಅಧ್ಯಯನ, 593 ಮಕ್ಕಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ ಒಂದು ವಿಮರ್ಶೆ ಹೊರತಂದಿತು. ಕೂಸಿನ ಸನ್ನೆ ನೋಡಿ ಕುಡಿಸಿದರೆ ಟ್ಯೂಬಿನಿಂದ ಬಾಯಿಗೆ ಬರುವುದು ಸುಮಾರು ಐದೂವರೆ ದಿನ ಬೇಗ ಆಗಬಹುದು ಎಂದಿದೆ ಅದು. ತೂಕ ಏರುವುದು ಸ್ವಲ್ಪ ನಿಧಾನವಾಗಬಹುದು ಎಂದೂ, ಪುರಾವೆ ಇನ್ನೂ ಗಟ್ಟಿಯಿಲ್ಲ ಎಂದೂ ಹೇಳಿದೆ. ಎರಡೂ ಮಾತು ನಿಮಗೆ ಗೊತ್ತಿರಬೇಕು. ಗಡಿಯಾರವನ್ನು ಎಸೆದುಬಿಡಿ ಎಂದು ನಾನು ಹೇಳುತ್ತಿಲ್ಲ. ಹಸಿದರೂ ಎಚ್ಚರಗೊಳ್ಳದ ಕೂಸುಗಳಿವೆ, ಅವಕ್ಕೆ ಹೊತ್ತಿಗೆ ಸರಿಯಾಗಿ ಹಾಲು ಹೋಗಲೇಬೇಕು. ಎಷ್ಟು ಹೋಗಬೇಕು ಎಂಬುದನ್ನು ಡಾಕ್ಟರ ಲೆಕ್ಕ ಹೇಳಲಿ. ಅದರಲ್ಲಿ ಬಾಯಿಯಿಂದ ಎಷ್ಟು, ಟ್ಯೂಬಿನಿಂದ ಎಷ್ಟು ಎಂಬುದನ್ನು ಕೂಸು ಹೇಳಲಿ.

‘ನಮಗೆಲ್ಲಿದೆ ಅಷ್ಟು ಹೊತ್ತು?’ ಎಂದು ಕೇಳುತ್ತೀರಿ. ಕೇಳಲೇಬೇಕು. ಒಬ್ಬಳ ಕೈಗೆ ಆರೇಳು ಮಕ್ಕಳನ್ನು ಕೊಟ್ಟು, ಎರಡು ಗಂಟೆಗೊಮ್ಮೆ ಫೀಡ್ ಎಂದರೆ ಕೊನೆಯ ಮಗುವಿನದು ಮುಗಿಯುವಾಗ ಮೊದಲಿನದರ ಹೊತ್ತು ಬಂದಿರುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ದಿನದ ಬಿಲ್ಲು ಏರುತ್ತದೆ, ಹೊರಗೆ ನಿಂತ ತಂದೆ ‘ಬಾಯಿಯಿಂದ ಪೂರ್ತಿ ಕುಡಿಯಿತಾ, ಮನೆಗೆ ಯಾವಾಗ?’ ಎನ್ನುತ್ತಾನೆ. ಅವನ ಅವಸರವೂ ಸುಳ್ಳಲ್ಲ. ಈ ಒತ್ತಡವೆಲ್ಲ ಇಳಿದು ಬಂದು ಕೊನೆಗೆ ನಿಲ್ಲುವುದು ಚಮಚ ಹಿಡಿದ ಕೈಯಲ್ಲಿ. ನರ್ಸ್‌ಗಳ ಸಂಖ್ಯೆ ಹೆಚ್ಚಿಸದೆ ‘ಸನ್ನೆ ನೋಡಿ ಕುಡಿಸಿ’ ಎಂದು ಗೋಡೆಗೆ ಪೋಸ್ಟರ್ ಅಂಟಿಸುವ ಆಡಳಿತದವರಿಗೆ ನನ್ನ ವಿರೋಧವಿದೆ, ಅದನ್ನು ಇಲ್ಲಿಯೇ ಬರೆದಿಡುತ್ತೇನೆ.

ಆದರೆ ನಮ್ಮ ಕೈಗೆ ಜೊತೆಯಾಗಬಲ್ಲ ಇನ್ನೊಂದು ಕೈ, ತಾಯಿಯದು, ಬೆಂಚಿನ ಮೇಲೆ ಕಾಯುತ್ತ ಕೂತಿದೆ. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾ. ಎಡ್ಗರ್ ರೇ ಸನಾಬ್ರಿಯಾ ಕೂಸುಗಳನ್ನು ತಾಯಂದಿರ ಎದೆಗೆ ಕಟ್ಟಿಸಿದರು. ಕಾಂಗರೂ ಆರೈಕೆ ಹುಟ್ಟಿದ್ದು ಹಾಗೆ, ಕೊರತೆಯಲ್ಲಿ. ನಮ್ಮ ಲೈನಿನಲ್ಲೇ ಇರುವ ಸಾಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲಿ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ತೆರೆದದ್ದೂ, ದುಬಾರಿ ಯಂತ್ರಕ್ಕಿಂತ ತಾಯಂದಿರನ್ನು ನಂಬಿ. ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಹೊರಬಂತು. ಒಂದರಿಂದ 1.8 ಕಿಲೋ ತೂಕದ ಮಕ್ಕಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದಾಗ, 28 ದಿನದೊಳಗಿನ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ಅಲ್ಲಿ ತಾಯಂದಿರ ಮಂಚ ಎನ್‌ಐಸಿಯು ಒಳಗೇ ಇತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯವರು ಎರಡು ಕಿಲೋಗಿಂತ ಕಡಿಮೆಯ ಮಕ್ಕಳಿಗೆ ಊರೂರಿಗೆ ಕಾಂಗರೂ ಆರೈಕೆ ಮುಟ್ಟಿಸಿದರು. ಎದೆಯ ಮೇಲೆ ಮಲಗಿದ ಕೂಸು ಬಾಯಿ ಆಡಿಸಿದ್ದು ಮೊದಲು ಗೊತ್ತಾಗುವುದು ತಾಯಿಗೆ, ನಮಗಲ್ಲ.

ಮನೆಯವರನ್ನು ಆರೈಕೆಯಲ್ಲಿ ಸೇರಿಸಿಕೊಳ್ಳಿ ಎಂದು ಕೇಂದ್ರ ಸರ್ಕಾರ 2017ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಸರ್ಕಾರಿ ಎಸ್‌ಎನ್‌ಸಿಯುಗಳಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳಲ್ಲಿ) ಕೆಲಸ ಮಾಡುವ ನಿಮಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಅದನ್ನು ‘ತಾಯಿಗೆ ಡೈಪರ್ ಬದಲಾಯಿಸಲು ಕಲಿಸುವುದು’ ಎಂಬಲ್ಲಿಗೆ ನಿಲ್ಲಿಸಬೇಡಿ. ಬೆರಳು ತೋರಿಸಿ, ಹುಬ್ಬು ತೋರಿಸಿ. ಅವಳದೇ ಭಾಷೆಯಲ್ಲಿ ಹೇಳಿ. ಕಟ್ಟಡದ ಕೆಲಸಕ್ಕೆ ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಬಂದವರ ಕೂಸುಗಳು ನಿಮ್ಮ ವಾರ್ಡುಗಳಲ್ಲಿ ಈಗಲೂ ಇವೆ. ಮರಾಠಿ, ಹಿಂದಿ ಅರೆಬರೆ ತಿಳಿಯುವ ಆ ತಾಯಿಗೆ ನಿಮ್ಮ ಒಂದು ಕನ್ನಡದ ಮಾತು ಎಷ್ಟು ದೊಡ್ಡದು ಎಂದು ನಾನು ನೋಡಿದ್ದೇನೆ.

ಅಜ್ಜಿಯಂದಿರನ್ನೂ ಮರೆಯಬೇಡಿ. ಡಿಸ್ಚಾರ್ಜ್ ಆದ ಮೇಲೆ ಬಾಣಂತನಕ್ಕೆ ಊರಿಂದ ಬಂದ ಅಜ್ಜಿಯ ಕೈಯಲ್ಲಿ ಒಳಲೆ ಇರುತ್ತದೆ. ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಅಳುವ ಬಾಯಿಗೆ ಒಳಲೆಯಿಂದ ಹಾಲು ಬಿಡುವುದು ನಮ್ಮ ಮನೆಗಳಲ್ಲಿ ತಲೆತಲಾಂತರದ ರೂಢಿ. ದಿನ ತುಂಬಿದ ಗಟ್ಟಿ ಮಗು ಅದನ್ನು ದಕ್ಕಿಸಿಕೊಂಡಿತು. 36 ವಾರಕ್ಕೆ ಮನೆಗೆ ಬಂದ, ಎರಡು ಕಿಲೋ ಆಗದ ಕೂಸಿಗೆ ಅದು ಅಪಾಯ. ಒಳಲೆ ಕೆಟ್ಟದ್ದಲ್ಲ, ನಮ್ಮ ಆಸ್ಪತ್ರೆಗಳಲ್ಲಿ ಪಾಲಡೆ ಎನ್ನುವುದು ಅದರದೇ ತಂಗಿ. ಹಾಲು ಸುರಿಯುವುದೇ ತಪ್ಪು. ಕೂಸನ್ನು ನೆಟ್ಟಗೆ ಹಿಡಿದು, ಒಳಲೆಯ ಮೂತಿ ತುಟಿಗೆ ತಾಗಿಸಿ, ಬೆರಳು ಬಿಚ್ಚಿದ ಕೂಡಲೇ ತೆಗೆಯಬೇಕು. ಇದನ್ನು ಅಜ್ಜಿಗೆ ಗೌರವದಿಂದ ಒಮ್ಮೆ ಮಾಡಿ ತೋರಿಸಿದರೆ ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ. ‘ಇದೆಲ್ಲ ಬೇಡ ಅಜ್ಜಿ’ ಎಂದು ಕೈಯಿಂದ ಕಿತ್ತುಕೊಂಡರೆ, ನೀವು ಕಾಣದ ಹೊತ್ತಿನಲ್ಲಿ ಹಳೆಯದೇ ನಡೆಯುತ್ತದೆ.

ಇನ್ನು ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಚಾರ್ಟಿನಲ್ಲಿ ಎಂಎಲ್ ಬರೆದ ಮೇಲೆ ಇನ್ನೊಂದು ಸಾಲು ಬರೆಯಿರಿ. ಅದಕ್ಕೆ ಅಂಕಣವಿಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ. ‘ತಾನೇ ಎಚ್ಚರಗೊಂಡಿತು’, ‘ಹತ್ತರ ಮೇಲೆ ಹುಬ್ಬು ಗಂಟಿಕ್ಕಿತು’, ‘ಎರಡು ಸಲ ನಿಲ್ಲಿಸಿ ಕೊಟ್ಟೆ’, ಇಷ್ಟು ಸಾಕು. ಓವರ್ ಕೊಡುವಾಗ ಅದನ್ನೂ ಹೇಳಿ. ಮುಂದಿನ ಡ್ಯೂಟಿಯವಳು ಆ ಕೂಸಿನ ಬಳಿ ಹೋಗುವಾಗ ಅವಳ ಕಣ್ಣು ಸಿರಿಂಜಿನ ಗೆರೆಯ ಬದಲು ಮುಖದ ಮೇಲೆ ಇರುತ್ತದೆ. ಬಾಯಿಯಿಂದ ಕಡಿಮೆ ಕುಡಿಸಿದೆ ಎಂದು ಸೀನಿಯರ್ ಯಾರಾದರೂ ಬೈದರೆ ಈ ಪತ್ರ ತೋರಿಸಿ. ನಾನೂ ಬೈದವಳೇ ಎಂದು ಹೇಳಿ.

ಜುಲೈ 27ರ ಬೆಳಿಗ್ಗೆ ಮಳೆ ಸ್ವಲ್ಪ ಹಿಡಿದ ಮೇಲೆ, ಆ ಕೂಸಿನ ಚಾರ್ಟಿನ ಅಂಚಿನಲ್ಲಿ ನಾನು ಇಂಗ್ಲಿಷಿನಲ್ಲಿ ಬರೆದೆ: ‘ಬಾಯಿಯಿಂದ 14. ಆಮೇಲೆ ಕೈ ತೋರಿಸಿತು, ತಾಯಿ ನಿಲ್ಲಿಸಿದಳು. ಟ್ಯೂಬಿನಲ್ಲಿ 6.’ ರೌಂಡಿಗೆ ಬಂದ ಡಾಕ್ಟರು ಓದಿ, ಕೈ ತೋರಿಸಿತು ಎಂದರೆ ಏನು ಎಂದು ಕೇಳಿದರು. ನಾನು ಉತ್ತರ ಹೇಳದೆ ಬೆಂಚಿನ ಮೇಲೆ ಒರಗಿ ನಿದ್ದೆಹೋಗಿದ್ದ ಆ ಹುಡುಗಿಯನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಬಂದೆ. ಒಂಬತ್ತು ಗಂಟೆಯ ಫೀಡನ್ನು ಅವಳೇ ಕೊಟ್ಟಳು. ಡಾಕ್ಟರೂ ನಾನೂ ಪಕ್ಕದಲ್ಲಿ ನಿಂತು ಕೂಸಿನ ಎಡಗೈಯನ್ನೇ ನೋಡುತ್ತಿದ್ದೆವು.

ಇತಿ ನಿಮ್ಮ ಅಕ್ಕ,
ನಿವೃತ್ತ ಸಿಸ್ಟರ್,
ಡೊಂಬಿವಲಿ ಪೂರ್ವ